ಎಂಟೇ ಗ್ರಹಗಳ ಜಾತಕ

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಷರ ಕಾಣಿಸುತ್ತಿಲ್ಲ ಎಂದು ಗಿರಾಕಿ ಹೇಳಿದರೆ ಅವರ ಕಣ್ಣನ್ನು ನೋಡಬೇಡಿ, ನೀವು ಮಾಡಿಟ್ಟಿರುವ ಪರದೆಯನ್ನು ನೋಡಿ. ನಾನು ಕೆಲಸ ಮಾಡಿದಷ್ಟು ವರ್ಷವೂ ಗಿರಾಕಿಯ ಕಣ್ಣನ್ನೇ ನೋಡಿದೆ. ಕನ್ನಡಕ ಬದಲಾಯಿಸಿ ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಅವರಲ್ಲಿ ಹೆಚ್ಚಿನವರ ಕನ್ನಡಕ ಸರಿಯಾಗಿಯೇ ಇತ್ತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಜೊತೆಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್. ತೊಂಬತ್ತರ ದಶಕದ ನಡುವಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ ಬೇಕರಿಯ ಮೇಲಿದ್ದ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿಗೆ ಸೇರಿದೆ. ಅಲ್ಲಿ ಪ್ರೋಗ್ರಾಂ ಬರೆಯುವವರು ಬೇರೆ. ಅವರು ಬರೆದದ್ದನ್ನು ಫ್ಲಾಪಿಯಲ್ಲಿ, ಆಮೇಲೆ ಸಿಡಿಯಲ್ಲಿ ಹಾಕಿಕೊಂಡು, ಮೊಪೆಡ್ ಏರಿ ಗಿರಾಕಿಗಳ ಮನೆಗೂ ಆಫೀಸಿಗೂ ಹೋಗಿ ಅವರ ಕಂಪ್ಯೂಟರಿನಲ್ಲಿ ಕೂರಿಸಿ, ಹೇಗೆ ಬಳಸಬೇಕೆಂದು ಕಲಿಸಿ ಬರುವುದು ನನ್ನ ಕೆಲಸ. ಜೆ.ಪಿ. ನಗರ, ಬನಶಂಕರಿ, ಬಿಳೇಕಹಳ್ಳಿ, ಬಿಟಿಎಂ ಎಲ್ಲವೂ ನನ್ನ ಸರಹದ್ದು. ಗಿರಾಕಿಗಳು ನನ್ನನ್ನು 'ಇಂಜಿನಿಯರ್' ಎನ್ನುತ್ತಿದ್ದರು. ಅಲ್ಲ ಎಂದು ಒಮ್ಮೆಯೂ ತಿದ್ದಲಿಲ್ಲ. ಇದು ನನ್ನ ಮೊದಲ ಸುಳ್ಳು. ಚಿಕ್ಕದು.

ಆಗಿನ ಮಾನಿಟರುಗಳು ಹದಿನಾಲ್ಕು ಇಂಚಿನವು, ಹಿಂದೆ ದಪ್ಪ ಡುಬ್ಬವಿದ್ದವು. ಪರದೆಯ ಮೇಲೆ ಕಾಣುವುದೆಲ್ಲ ಚುಕ್ಕಿಗಳಿಂದ ಆದದ್ದು ಎಂಬುದು ನನಗೆ ತಿಳಿದದ್ದು ನಮ್ಮ ಮನೆಯಾಕೆ ರಂಗೋಲಿ ಹಾಕುವುದನ್ನು ನೋಡಿ. ಅಂಗಳ ಅಷ್ಟೇ ಇರುತ್ತದೆ. ಚುಕ್ಕಿಗಳನ್ನು ದೂರ ದೂರ ಇಟ್ಟರೆ ಹನ್ನೊಂದು ಚುಕ್ಕಿಯ ರಂಗೋಲಿ ಅಂಗಳದ ತುಂಬ ಬರುತ್ತದೆ. ಹತ್ತಿರ ಹತ್ತಿರ ಇಟ್ಟರೆ ಅದೇ ಹನ್ನೊಂದು ಚುಕ್ಕಿಯ ರಂಗೋಲಿ ಒಂದು ಮೂಲೆಯಲ್ಲಿ ಮುದುಡಿ ಕೂರುತ್ತದೆ. ವರ್ಷ ವರ್ಷವೂ ಹೊಸ ಮಾನಿಟರುಗಳಲ್ಲಿ ಚುಕ್ಕಿಗಳು ಹತ್ತಿರವಾಗುತ್ತ ಹೋದವು. ಚಿತ್ರ ಚೆಂದವಾಯಿತು. ಆದರೆ ನಮ್ಮ ಪ್ರೋಗ್ರಾಂಗಳು ಅಕ್ಷರಕ್ಕೆ ಇಷ್ಟೇ ಚುಕ್ಕಿ, ಅಕ್ಷರ ಕೂರುವ ಚೌಕಕ್ಕೆ ಇಷ್ಟೇ ಚುಕ್ಕಿ ಎಂದು ಎಣಿಸಿ ಬರೆದವಾದ್ದರಿಂದ ಅಕ್ಷರಗಳು ಇರುವೆಗಳಾದವು.

ತಿಳಿದವರಿಗೆ ಇದು ತಿಳಿದೇ ಇತ್ತು. ಚೌಕವು ಅಕ್ಷರವನ್ನು ಅಳೆದುಕೊಂಡು ತಾನೂ ದೊಡ್ಡದಾಗುವಂತೆ ಪ್ರೋಗ್ರಾಂ ಬರೆಯಬಹುದಿತ್ತು. ಬರೆಯಲಿಲ್ಲ. ಯಾಕೆಂದರೆ ನಮ್ಮ ಯಜಮಾನರಾದ ದಿನೇಶ್ ಸಾರ್ ಅವರ ಮೇಜಿನ ಮೇಲಿದ್ದ ಮಾನಿಟರಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ನಮ್ಮ ಆಫೀಸಿನಲ್ಲಿ ಪರೀಕ್ಷೆ ಎಂದರೆ ಅಷ್ಟೇ. ದಿನೇಶ್ ಸಾರ್ ನೋಡುತ್ತಾರೆ, "ಸಖತ್ತಾಗಿದೆ, ಕಳಿಸು" ಎನ್ನುತ್ತಾರೆ, ನಾನು ಮೊಪೆಡ್ ಏರುತ್ತೇನೆ.

ಬಿಟಿಎಂ ಕಡೆಯ ಒಂದು ಶಾಲೆಯಲ್ಲಿ ಅಂಕಪಟ್ಟಿಯ ಪ್ರೋಗ್ರಾಂ ಕೂರಿಸಿದ್ದೆ. ಆಫೀಸಿನಲ್ಲಿ ಸರೋಜಮ್ಮ ಎಂಬ ಗುಮಾಸ್ತೆ. ಅವರ ಹಳೆಯ ಮಾನಿಟರಿನಲ್ಲಿ ಚುಕ್ಕಿ ಕಡಿಮೆ. ಹಾಗಾಗಿ ಅಲ್ಲಿ ತಾಪತ್ರಯ ತಿರುಗುಮುರುಗು. ನಮ್ಮ ಪ್ರೋಗ್ರಾಮಿನ ಕಿಟಕಿ ಅವರ ಪರದೆಗಿಂತ ದೊಡ್ಡದಾಗಿ, ಕೆಳಗಿನ ಬಟನ್ನುಗಳೆಲ್ಲ ಗಾಜಿನ ಆಚೆ ಎಲ್ಲೋ ಇದ್ದವು. ಒಂದು ವರ್ಷ ಕಳೆದು ಹೋದಾಗ ನೋಡುತ್ತೇನೆ, ಮಾನಿಟರಿನ ಹಣೆಗೆ ಒಂದು ಚೀಟಿ ಅಂಟಿಸಿದ್ದಾರೆ: 'ಟ್ಯಾಬ್ ಏಳು ಸಲ, ಎಂಟರ್.'

"ಇದೇನ್ ಮೇಡಂ, ಮಂತ್ರಾನಾ?" ಎಂದು ನಕ್ಕೆ.

"ಸೇವ್ ಬಟನ್ ಕಾಣ್ಸಲ್ವಲ್ಲ ಸಾರ್. ಎಣಿಸ್ಕೊಂಡು ಒತ್ತಿದ್ರೆ ಸೇವ್ ಆಗುತ್ತೆ. ನಾನೇ ಕಂಡ್ಹಿಡ್ಕೊಂಡೆ" ಎಂದರು, ಹೆಮ್ಮೆಯಿಂದ.

ಒಂದು ವರ್ಷ ಆ ಹೆಂಗಸು ಕಾಣದ ಬಟನ್ನನ್ನು ಎಣಿಸಿ ಒತ್ತಿ ಮಕ್ಕಳ ಅಂಕ ಉಳಿಸಿದ್ದರು. ನಾನು ಅದನ್ನು ಆಫೀಸಿಗೆ ಬಂದು ಜೋಕಿನಂತೆ ಹೇಳಿದೆ. ಎಲ್ಲರೂ ನಕ್ಕರು. ಮುಂದಿನ ಬೇಸಿಗೆಯಲ್ಲಿ ಹೊಸ ಆವೃತ್ತಿ ಹಾಕಿಬಂದೆ. ಅದರಲ್ಲಿ ನಮ್ಮವರು ಒಂದು ಬಟನ್ ಹೆಚ್ಚು ಸೇರಿಸಿದ್ದರು. ಏಳನೆಯ ಜಾಗದಲ್ಲಿ ಈಗ ಇದ್ದದ್ದು ಸೇವ್ ಅಲ್ಲ, ಡಿಲೀಟ್. ಸರೋಜಮ್ಮ ಇಡೀ ಒಂಬತ್ತನೇ ತರಗತಿಯ ಅಂಕಗಳನ್ನು ಒಬ್ಬೊಬ್ಬರದಾಗಿ ತುಂಬಿ, ಒಬ್ಬೊಬ್ಬರದಾಗಿ ಅಳಿಸಿದರು. ಹೆಡ್‌ಮಾಸ್ಟರು ಎಲ್ಲರೆದುರು ಬೈದದ್ದು ಅವರಿಗೆ, ನನಗಲ್ಲ. ನಾನು ಅಲ್ಲೇ ನಿಂತಿದ್ದೆ. "ಸರಿಯಾಗಿ ನೋಡ್ಕೊಂಡು ಒತ್ಬೇಕು ಮೇಡಂ" ಎಂದೆ. ನೋಡಿಕೊಂಡು! ಗಾಜಿನ ಆಚೆ ಇರುವುದನ್ನು! ಇವತ್ತು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ನಮ್ಮಲ್ಲಿ ಬಸವರಾಜ ಎಂಬ ಪ್ರೋಗ್ರಾಮರ್ ಇದ್ದ. ಗದಗದ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ. ಸರೋಜಮ್ಮನ ಚೀಟಿಯ ಕಥೆಗೆ ನಗದವನು ಅವನೊಬ್ಬನೇ. ಅವನು ದಿನೇಶ್ ಸಾರ್ ಅವರ ಕೋಣೆಗೆ ಹೋಗಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಸರ, ನಂಗ ಎರಡು ವಾರ ಕೊಡ್ರಿ. ಅಕ್ಷರ ಎಷ್ಟು ದೊಡ್ಡದಾಗ್ತೈತೋ ಚೌಕಾನೂ ಅಷ್ಟು ದೊಡ್ಡದಾಗೋ ಹಂಗ ಎಲ್ಲಾ ತಿದ್ದಿ ಬಿಡ್ತೀನಿ. ಇಲ್ಲಾಂದ್ರ ಒಂದಿನ ಭಾಳ ಫಜೀತಿ ಆಗ್ತದ್ರಿ."

"ಎರಡು ವಾರ ಕೂತ್ಕೊಂಡು ಚೌಕ ಹಿಗ್ಗಿಸ್ತೀಯಾ? ಗಿರಾಕಿ ದುಡ್ ಕೊಡೋದು ಹೊಸ ಐಟಂಗೆ ಬಸವರಾಜ್, ಹಳೇ ಚೌಕಕ್ಕಲ್ಲ. ಕಾಣ್ಸಲ್ಲ ಅಂದೋರಿಗೆ ಕನ್ನಡಕ ಹಾಕ್ಕೊಳ್ಳೋಕೆ ಹೇಳು."

ಬಸವರಾಜ ಹೊರಗೆ ಬಂದು ನನ್ನ ಕಡೆ ನೋಡಿ, "ನೀವರ ಹೇಳ್ರಿ ಪುಟ್ಟಸ್ವಾಮಿಯವ್ರ, ಊರೆಲ್ಲಾ ತಿರಗಾಡಾವ್ರು ನೀವು" ಎಂದ. ನಾನು ಹೇಳಬಹುದಿತ್ತು. ನೂರು ಮನೆಯಲ್ಲಿ ನೂರು ಪರದೆ ಕಂಡವನು ನಾನು. ಆದರೆ ನನಗೆ ಹೆಚ್ಚು ಓದಿಲ್ಲ, ಈ ಕೆಲಸ ಹೋದರೆ ಇನ್ನೊಂದು ಸಿಗುವುದಿಲ್ಲ ಎಂಬ ಭಯ. "ನಡೀತಿದೆಯಲ್ಲ ಬಿಡಿ" ಎಂದೆ.

ನಮ್ಮಲ್ಲಿ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಂ ಜಾತಕದ್ದು. ಹುಟ್ಟಿದ ದಿನ, ವೇಳೆ, ಊರು ಕೊಟ್ಟರೆ ಹನ್ನೆರಡು ಮನೆಗಳ ಕುಂಡಲಿ ಬರುತ್ತಿತ್ತು, ಯಾವ ಮನೆಯಲ್ಲಿ ಯಾವ ಗ್ರಹ ಎಂದು. ಪ್ರಿಂಟ್ ತೆಗೆಯುವಾಗ ಪರದೆಯ ಮೇಲೆ ಕಂಡದ್ದನ್ನೇ ಫೋಟೋದಂತೆ ಎತ್ತಿ ಕಾಗದಕ್ಕೆ ಇಳಿಸುತ್ತಿತ್ತು. ಜಾತಕವನ್ನು ನಂಬುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ನಾನಿಲ್ಲಿ ಹೇಳುತ್ತಿರುವುದು ಕಾಗದದ ವಿಷಯ.

ಇಟ್ಟಮಡುವಿನಲ್ಲಿ ನರಹರಿ ಜೋಯಿಸರೆಂಬ ಹಿರಿಯರಿದ್ದರು. ಕೈಯಿಂದ ಜಾತಕ ಬರೆಯುತ್ತಿದ್ದವರು. ಅವರದೊಂದು ಪದ್ಧತಿ. ಹನ್ನೆರಡು ಮನೆ ಕೊರೆದ ಮರದ ಮಣೆ, ಒಂಬತ್ತು ಕವಡೆ. ಪಂಚಾಂಗ ನೋಡಿ ಒಂದೊಂದು ಗ್ರಹಕ್ಕೆ ಒಂದೊಂದು ಕವಡೆಯನ್ನು ಮನೆಯಲ್ಲಿಡುವುದು, ಆಮೇಲೆ ಬಂದವರಿಂದಲೇ ಎಣಿಸುವುದು. "ಎಣ್ಸಮ್ಮಾ, ಒಂಬತ್ತಿದೆಯಾ?" ಅವರು ಇದೆ ಎಂದ ಮೇಲೆಯೇ ಕಾಗದಕ್ಕೆ ಬರೆಯುವುದು.

ಅವರಿಗೆ ಪ್ರೋಗ್ರಾಂ ಮಾರಿದವನು ನಾನು. ಮೂರು ಸಲ ಹೋಗಿ ಒಪ್ಪಿಸಿದೆ.

"ಇದ್ರಲ್ಲಿ ಯಾರು ಎಣಿಸೋದು?" ಎಂದು ಕೇಳಿದರು.

"ಎಣಿಸೋ ಹಾಗೇ ಇಲ್ಲ ಸ್ವಾಮಿ. ಕಂಪ್ಯೂಟರ್ ತಪ್ಪು ಮಾಡಲ್ಲ. ತಪ್ಪಾಯ್ತು ಅಂದ್ರೆ ಅದು ಮನುಷ್ಯನೇ ಮಾಡಿರ್ತಾನೆ."

ಈ ಮಾತನ್ನು ನಾನು ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದೆ. ದಿನೇಶ್ ಸಾರ್ ಕಲಿಸಿಕೊಟ್ಟದ್ದು. ಹೇಳಿ ಹೇಳಿ ನನ್ನದೇ ಆಗಿತ್ತು. ಜೋಯಿಸರು ಕವಡೆಗಳನ್ನು ಡಬ್ಬಿಗೆ ಹಾಕಿದರು. ಮೇಜಿನ ಮೇಲೆ ಮೌಸ್ ಓಡಿಸಲು ಜಾಗ ಸಮವಾಗಿಲ್ಲದ್ದರಿಂದ ಆ ಮಣೆಯನ್ನು ತಿರುವಿಹಾಕಿ ಅದರ ಬೆನ್ನ ಮೇಲೆ ಮೌಸ್ ಇಟ್ಟುಕೊಟ್ಟವನೂ ನಾನೇ.

ಕೆಲವು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಅವರ ಮಗಳು ಅಳಿಯ ಹೊಸ ತೆಳು ಮಾನಿಟರ್ ತಂದುಕೊಟ್ಟರು. ಚುಕ್ಕಿಗಳು ಒತ್ತೊತ್ತಾಗಿದ್ದವು. ಜೋಯಿಸರು ಫೋನ್ ಮಾಡಿದರು: "ಪುಟ್ಟಸ್ವಾಮಿಯವ್ರೇ, ಗ್ರಹಗಳೆಲ್ಲ ಸಾಸಿವೆ ಕಾಳಾಗ್ಬಿಟ್ಟಿವೆ."

"ವಯಸ್ಸಾಯ್ತಲ್ಲ ಸ್ವಾಮಿ, ಒಂದ್ಸಲ ಕಣ್ಣು ತೋರಿಸಿ" ಎಂದೆ.

ಅವರು ನಿಜವಾಗಿಯೂ ಜಯನಗರದ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ಮತ್ತೆ ಫೋನ್. "ಡಾಕ್ಟ್ರು ನನ್ ಕಣ್ಣು ಸರಿಯಾಗಿದೆ ಅಂದ್ರು. ನಿಮ್ ಕಂಪ್ಯೂಟರಿಗೆ ಡಾಕ್ಟ್ರು ಯಾರು?"

ಹೋದೆ. ಹಳೆಯ ಡುಬ್ಬದ ಮಾನಿಟರುಗಳಲ್ಲಿ ಚುಕ್ಕಿಗಳ ಲೆಕ್ಕ ಇಳಿಸಿದರೆ ಅಕ್ಷರ ದೊಡ್ಡದಾಗುತ್ತಿತ್ತು, ಕೆಲಸ ಮುಗಿಯುತ್ತಿತ್ತು. ತೆಳು ಮಾನಿಟರಿನಲ್ಲಿ ಹಾಗೆ ಮಾಡಿದರೆ ಅಕ್ಷರಗಳು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡವು. ಇನ್ನೊಂದು ದಾರಿಯಿತ್ತು. ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ 'ಲಾರ್ಜ್ ಫಾಂಟ್ಸ್' ಎಂದು ಒಂದಿರುತ್ತದೆ. ಅದನ್ನು ಒತ್ತಿ, ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಅಕ್ಷರಗಳೂ ದಪ್ಪವಾಗುತ್ತವೆ. ಮಾಡಿದೆ. ಜೋಯಿಸರ ಮುಖ ಅರಳಿತು. ಅವರ ಹೆಂಡತಿ ಕಾಫಿಯ ಜೊತೆ ಕೋಡುಬಳೆ ಕೊಟ್ಟರು. ಒಂದು ಜಾತಕ ತೆಗೆದು ನೋಡಿದೆ, ಚೆನ್ನಾಗಿ ಬಂತು. ಆ ಜಾತಕದಲ್ಲಿ ಯಾವ ಮನೆಯಲ್ಲೂ ಎರಡಕ್ಕಿಂತ ಹೆಚ್ಚು ಗ್ರಹವಿರಲಿಲ್ಲ. ಒಂದೇ ಒಂದು ನೋಡಿ, ಕೋಡುಬಳೆ ತಿಂದು, ಬಂದುಬಿಟ್ಟೆ.

ಅಕ್ಷರ ದೊಡ್ಡದಾಗಿತ್ತು, ಚೌಕ ದೊಡ್ಡದಾಗಿರಲಿಲ್ಲ. ಒಂದು ಗ್ರಹಕ್ಕೆ ಒಂದು ಸಾಲಿನಂತೆ ಮೂರು ಸಾಲಿಗೇ ಮನೆಯ ಚೌಕ ತುಂಬಿ, ನಾಲ್ಕನೆಯ ಸಾಲು ಗೆರೆಯ ಕೆಳಗೆ ಮಾಯವಾಗುತ್ತಿತ್ತು. ಚೂರೂ ಕಾಣುತ್ತಿರಲಿಲ್ಲ. ಮೂರು ಗ್ರಹವಿರುವ ಮನೆಯಂತೆಯೇ ತೋರುತ್ತಿತ್ತು. ಅರ್ಧ ಅಕ್ಷರವಾದರೂ ಇಣುಕಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು.

ಜೋಯಿಸರ ಸ್ನೇಹಿತರು ಶ್ರೀಕಂಠಯ್ಯನವರು, ಸುಬ್ರಹ್ಮಣ್ಯಪುರದವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮೂವತ್ತು ವರ್ಷದ ಸ್ನೇಹ. ಭಾನುವಾರ ಬೆಳಗ್ಗೆ ಒಟ್ಟಿಗೆ ನಡೆದು ಒಟ್ಟಿಗೆ ಇಡ್ಲಿ ತಿನ್ನುವವರು. ಅವರ ಮಗಳು ವೀಣಾಳಿಗೆ ಬಸವನಗುಡಿಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿಯ ಜಾತಕ ಜೋಯಿಸರೇ ತೆಗೆದುಕೊಟ್ಟರು. ಅದರ ಏಳನೇ ಮನೆ ಮಕರ. ಅಲ್ಲಿ ನಾಲ್ಕು ಗ್ರಹ: ರವಿ, ಬುಧ, ಶುಕ್ರ, ಕೊನೆಗೆ ಕುಜ. ಮದುವೆಯ ಮಾತಿಗೆ ಏಳನೇ ಮನೆಯ ಕುಜ ಎಂದರೆ ಜನ ಹೆದರುತ್ತಾರೆ. ಜೋಯಿಸರು ಪಂಚಾಂಗ ನೋಡಿ ಅದನ್ನು ಮೊದಲೇ ತಿಳಿದು ಸ್ನೇಹಿತರಿಗೆ ಬಾಯಲ್ಲಿ ಹೇಳಿಯೂ ಇದ್ದರು: "ಕುಜ ಏಳರಲ್ಲಿದ್ದಾನೆ, ಆದ್ರೆ ಮಕರ ಅವನ ಉಚ್ಚ ಸ್ಥಾನ, ದೋಷ ಇಲ್ಲ. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳ್ಸು." ಆಮೇಲೆ ಪ್ರಿಂಟ್ ಒತ್ತಿ, ಬಂದ ಕಾಗದವನ್ನು ಮಡಿಚಿ ಕೊಟ್ಟರು. ಎಣಿಸಲಿಲ್ಲ. ಎಣಿಸುವ ಹಾಗೇ ಇಲ್ಲ ಎಂದು ನಾನು ಹೇಳಿದ್ದೆನಲ್ಲ.

ಹುಡುಗನ ಸೋದರಮಾವನಿಗೆ ಸ್ವಲ್ಪ ಜಾತಕ ನೋಡಲು ಬರುತ್ತಿತ್ತು. ಅವರು ಎಣಿಸಿದರು. ಎಂಟೇ ಗ್ರಹ. ತಮ್ಮ ಪಂಚಾಂಗ ತೆಗೆದು ನೋಡಿದರೆ ಇಲ್ಲದಿರುವವನು ಕುಜ, ಅದೂ ಏಳನೇ ಮನೆಯವನು. ನಿಶ್ಚಿತಾರ್ಥಕ್ಕೆ ಛತ್ರ ಗೊತ್ತುಮಾಡಿಯಾಗಿತ್ತು. ಅವರು ಶ್ರೀಕಂಠಯ್ಯನವರ ಮನೆಗೆ ಬಂದು, "ದೋಷ ಇರೋದು ತಪ್ಪಲ್ಲ ಮೇಷ್ಟ್ರೇ, ಅಳಿಸಿ ಕೊಡೋದು ತಪ್ಪು" ಎಂದರಂತೆ.

ಜೋಯಿಸರು ನಮ್ಮ ಆಫೀಸಿಗೆ ಫೋನ್ ಮಾಡಿದರು. "ಮಧ್ಯಾಹ್ನ ಎಲ್ರೂ ನಮ್ಮನೇಗೆ ಬರ್ತಿದ್ದಾರೆ. ನೀವು ಬಂದು ಕಂಪ್ಯೂಟರ್ ನೋಡಿ ಹೇಳ್ಬೇಕು. ನನ್ ಮಾತು ಯಾರೂ ಕೇಳ್ತಿಲ್ಲ." ನಾನು ವಿಷಯ ಹೇಳಿದ ಕೂಡಲೇ ಬಸವರಾಜ ತನ್ನ ಕಂಪ್ಯೂಟರಿನಲ್ಲಿ ಲಾರ್ಜ್ ಫಾಂಟ್ಸ್ ಹಾಕಿ, ಅದೇ ಜಾತಕ ತೆಗೆದು ತೋರಿಸಿದ. ಏಳನೇ ಮನೆಯಲ್ಲಿ ಮೂರೇ ಗ್ರಹ. "ನೋಡ್ರಿ, ನಾ ಹೇಳಿದ್ದು ಇದನ್ನ" ಎಂದ.

ದಿನೇಶ್ ಸಾರ್ ಬಾಗಿಲು ಹಾಕಿದರು. "ಪುಟ್ಟಸ್ವಾಮಿ, ನಮ್ಮಲ್ಲಿ ತಪ್ಪಿದೆ ಅಂತ ಒಬ್ಬ ಜೋಯಿಸರಿಗೆ ಗೊತ್ತಾದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಹೋಗಿ ಸೆಟ್ಟಿಂಗ್ ಸರಿ ಮಾಡು. ಸರಿಯಾಗಿ ಬರ್ತಿದೆ ಅಂತ ತೋರ್ಸು. ಅದಕ್ಕಿಂತ ಜಾಸ್ತಿ ಬಾಯಿ ಬಿಡ್ಬೇಡ."

"ಹಂಗಂದ್ರ ಆ ಮುದುಕರ ಗತಿ ಏನ್ರಿ ಸರ?" ಎಂದು ಬಸವರಾಜ ಕೇಳಿದ. ಆ ತಿಂಗಳೇ ಬಸವರಾಜ ಕೆಲಸ ಬಿಟ್ಟ. ನಾನು ಮೊಪೆಡ್ ಏರಿದೆ.

ದಾರಿಯುದ್ದಕ್ಕೂ ನಿಜ ಹೇಳುತ್ತೇನೆ ಎಂದೇ ಅಂದುಕೊಂಡಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಅವರೆಲ್ಲ ಬರುವುದಕ್ಕೆ ಮುಂಚೆಯೇ ತಲುಪಿದೆ. ಜೋಯಿಸರು ಒಳಗೆ ಊಟಕ್ಕೆ ಕುಳಿತಿದ್ದರು. ನಡುಮನೆಯಲ್ಲಿ ನಾನೊಬ್ಬನೇ. ಸೆಟ್ಟಿಂಗ್ ತೆಗೆದು, 'ಸ್ಮಾಲ್ ಫಾಂಟ್ಸ್' ಒತ್ತಿ, ಆಫ್ ಮಾಡಿ, ಆನ್ ಮಾಡಿದೆ. ಕೈ ತಾನಾಗಿಯೇ ಮಾಡಿತು ಎನ್ನುತ್ತಾರಲ್ಲ, ಸುಳ್ಳು. ಕೈಗೆ ನಾನೇ ಹೇಳಿದೆ.

ಸ್ವಲ್ಪ ಹೊತ್ತಿಗೆ ಹುಡುಗನ ಸೋದರಮಾವ ಬಂದರು. ಹಿಂದೆಯೇ ಶ್ರೀಕಂಠಯ್ಯನವರು, ಅವರ ಜೊತೆ ವೀಣಾ. ಎಲ್ಲರೆದುರು ನಾನು ಹುಟ್ಟಿದ ದಿನ, ವೇಳೆ, ಊರು ಹಾಕಿ ಪ್ರಿಂಟ್ ತೆಗೆದೆ. ಸೋದರಮಾವ ಕಾಗದ ತೆಗೆದುಕೊಂಡು ಬೆರಳಿಟ್ಟು ಎಣಿಸಿದರು.

"ಒಂಬತ್ತು. ಕುಜ ಏಳನೇ ಮನೇಲೇ ಇದ್ದಾನೆ. ಕಂಪ್ಯೂಟರ್ ಸರಿಯಾಗೇ ಕೊಡ್ತಿದೆಯಲ್ರೀ?"

"ಹೌದು ಸಾರ್. ಸಾಫ್ಟ್‌ವೇರಲ್ಲಿ ಏನೂ ತೊಂದರೆ ಇಲ್ಲ" ಎಂದೆ.

"ಹಾಗಾದ್ರೆ ಇದು?" ಎಂದು ಎಂಟು ಗ್ರಹದ ಹಳೆಯ ಕಾಗದವನ್ನು ಮುಂದೆ ಹಿಡಿದರು.

ಜೋಯಿಸರು ನನ್ನ ಮುಖವನ್ನೇ ನೋಡುತ್ತಿದ್ದರು. "ಪುಟ್ಟಸ್ವಾಮಿಯವ್ರೇ, ಹೇಳಿ. ಆವತ್ತೂ ಇದೇ ಬಟನ್ ತಾನೇ ನಾನು ಒತ್ತಿದ್ದು?"

ನಾನು, "ಅದು ನಂಗೆ ಗೊತ್ತಿಲ್ಲ ಸ್ವಾಮಿ" ಎಂದೆ.

"ಅವ್ರನ್ನ ಯಾಕ್ ಕೇಳ್ತೀರಿ?" ಎಂದರು ಸೋದರಮಾವ. "ಕಂಪ್ಯೂಟರ್ ತಪ್ಪು ಮಾಡಲ್ಲ. ಮನುಷ್ಯ ಮಾಡಿರ್ತಾನೆ."

ನಾನು ಊರಿಗೆಲ್ಲ ಹಂಚಿದ ಮಾತು. ಅವರಿಗೆ ಅದು ಯಾರಿಂದ ತಲುಪಿತ್ತೋ ಗೊತ್ತಿಲ್ಲ. ಅವರು ಎದ್ದು ಹೋದರು. ಸಂಬಂಧ ಅಲ್ಲಿಗೆ ಮುಗಿಯಿತು. ಶ್ರೀಕಂಠಯ್ಯನವರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ಹಿಂತಿರುಗಿ ನೋಡದೆ ಹೇಳಿದರು: "ನನ್ ಮಗಳ ಮದ್ವೆ ಆಗ್ಲಿ ಅಂತ ಮಾಡಿದೆಯೇನೋ ನರಹರಿ. ಆದ್ರೆ ನನ್ನ ಕಳ್ಳನ್ನ ಮಾಡ್ಬಿಟ್ಟೆಯಲ್ಲೋ." ಮೂವತ್ತು ವರ್ಷದ ಸ್ನೇಹದಲ್ಲಿ ಅದೇ ಕೊನೆಯ ಮಾತು. ಜೋಯಿಸರು ಮೌಸನ್ನು ಪಕ್ಕಕ್ಕಿಟ್ಟು, ಮಣೆಯನ್ನು ಎತ್ತಿ, ಅದರ ಧೂಳನ್ನು ಪಂಚೆಯ ಅಂಚಿನಿಂದ ಒರೆಸುತ್ತ ಕುಳಿತರು. ನಾನು ಹೊರಟೆ. ಅವತ್ತು ಕಾಫಿ ಬರಲಿಲ್ಲ.

ಆಮೇಲೆ ಬಸವರಾಜ ಬೇಡಿದ್ದ ಎರಡು ವಾರದ ಕೆಲಸವನ್ನು ದಿನೇಶ್ ಸಾರ್ ಬೇರೆಯವರಿಂದ ಸದ್ದಿಲ್ಲದೆ ಮಾಡಿಸಿದರು. ಅದಕ್ಕೆ 'ಹೊಸ ದೊಡ್ಡಕ್ಷರ ಆವೃತ್ತಿ' ಎಂದು ಹೆಸರಿಟ್ಟು ಹಳೆಯ ಗಿರಾಕಿಗಳಿಗೇ ಮತ್ತೆ ಮಾರಿದೆವು. ಮಾರಿದವನು ನಾನು. ತಪ್ಪು ತಿದ್ದಿದೆವು ಎಂದು ಒಬ್ಬರಿಗೂ ಹೇಳಲಿಲ್ಲ. ಇಟ್ಟಮಡುವಿನ ಬೀದಿಯನ್ನು ತಪ್ಪಿಸಿ ಬೇರೆ ರಸ್ತೆಯಲ್ಲಿ ಓಡಾಡಿದೆ.

ಕೆಲವು ವರ್ಷಗಳ ನಂತರ ಆಫೀಸು ಮುಚ್ಚಿತು. ಬನಶಂಕರಿಯ ಒಂದು ಔಷಧಿ ಮಳಿಗೆಯಲ್ಲಿ ಬಿಲ್ಲು ಹಾಕುವ ಕೆಲಸಕ್ಕೆ ಸೇರಿದೆ. ಅಲ್ಲಿಗೊಂದು ಹೊಸ ಪ್ರೋಗ್ರಾಂ ಬಂತು, ಹೊಸ ಅಗಲದ ಮಾನಿಟರೂ ಬಂತು. ಔಷಧಿಯ ಹೆಸರುಗಳು ನನಗೆ ಕಾಣಿಸಲಿಲ್ಲ. ಕೂರಿಸಲು ಬಂದಿದ್ದ ಹೆಣ್ಣುಮಗಳಿಗೆ ಹೇಳಿದೆ. ಆಕೆ ನನ್ನ ಮುಖ ನೋಡಿ ನಕ್ಕು, "ಪವರ್ ಜಾಸ್ತಿ ಆಗಿರ್ಬೇಕು ಅಂಕಲ್. ಒಂದ್ಸಲ ಕಣ್ಣು ತೋರಿಸಿ" ಎಂದಳು. ಒಳ್ಳೆಯ ಹುಡುಗಿ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನೂ ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬರುವುದು. ಇಷ್ಟು ವರ್ಷ ಕಳೆದರೂ ಅದೇ ಚೌಕ, ಅದೇ ಮಾತು! ಮಾನಿಟರ್ ಮಾಡುವವನು ಚುಕ್ಕಿ ಹೆಚ್ಚಿಸುತ್ತಾನೆ, ಪ್ರೋಗ್ರಾಂ ಬರೆಯುವವನು ತನ್ನ ಮೇಜಿನ ಮೇಲೆ ನೋಡಿ ಕೈತೊಳೆದುಕೊಳ್ಳುತ್ತಾನೆ, ಇಬ್ಬರ ನಡುವೆ ಸಿಕ್ಕಿದವನು ಕಣ್ಣಿನ ಡಾಕ್ಟರ ಬಳಿ ಸಾಲಿನಲ್ಲಿ ಕೂರಬೇಕು.

ಆ ವಾರದ ರಜೆಯ ದಿನ ಇಟ್ಟಮಡುವಿಗೆ ಹೋದೆ.

ಜೋಯಿಸರು ಬಹಳ ಇಳಿದುಹೋಗಿದ್ದರು. ಕಂಪ್ಯೂಟರ್ ಇರಲಿಲ್ಲ. ಮಣೆ, ಕವಡೆ ಮುಂದಿದ್ದವು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕೊನೆಯವರೆಗೂ ಕೇಳಿ, "ಕೂತ್ಕೊಳ್ಳಿ" ಎಂದರು.

"ಆವತ್ತು ಊಟಕ್ಕೆ ಕೂತಿದ್ನಲ್ಲ, ಕಂಪ್ಯೂಟರ್ ಆಫ್ ಆಗಿ ಆನ್ ಆಗಿದ್ದು ಕೇಳಿಸ್ತು. ಹೊರಗೆ ಬಂದು ನೋಡಿದ್ರೆ ಗ್ರಹಗಳು ಮತ್ತೆ ಸಾಸಿವೆ ಕಾಳಾಗಿದ್ವು. ನಂಗೆ ಓದೋಕಾಗದೇ ಇರ್ಬಹುದು, ಚಿಕ್ಕದಾಯ್ತು ಅಂತ ಗೊತ್ತಾಗ್ದೇ ಇರುತ್ತಾ?"

"ಅಲ್ಲೇ ಯಾಕ್ ಹೇಳ್ಲಿಲ್ಲ ಸ್ವಾಮಿ?"

"ನೀವು ಹೇಳ್ತೀರಿ ಅಂತ ಕಾದೆ" ಎಂದರು. "ಆಮೇಲೆ ನಾನು ಹೇಳಿದ್ರೆ ಅದು ಕಳ್ಳನ ಮಾತಾಗ್ತಿತ್ತು."

ಅವರ ದನಿ ಇದ್ದಕ್ಕಿದ್ದಂತೆ ಏರಿತು.

"ಈಗ ನನ್ ಹತ್ರ ಯಾಕ್ ಬಂದ್ರಿ? ನಂಗೆ ಗೊತ್ತಿರೋದನ್ನೇ ನಂಗೆ ಹೇಳೋಕಾ? ನಿಮ್ ಮನಸ್ಸು ಹಗುರ ಮಾಡ್ಕೊಳ್ಳೋಕಾ? ಸುಬ್ರಹ್ಮಣ್ಯಪುರ ಎಷ್ಟು ದೂರ ಇದೆ ಇಲ್ಲಿಂದ? ಹೋಗಿ, ಅವನಿಗೆ ಹೇಳಿ."

ಅಲ್ಲಿಂದ ನೇರವಾಗಿ ಹೋದೆ. ಮನೆಗೆ ಹೋಗಿ ಆಮೇಲೆ ಹೋದರಾಯಿತು ಎಂದುಕೊಂಡಿದ್ದರೆ ಹೋಗುತ್ತಿರಲಿಲ್ಲ, ನನ್ನ ಗುಣ ನನಗೆ ಗೊತ್ತು. ಬಾಗಿಲು ತೆರೆದವಳು ವೀಣಾ. ಮದುವೆಯಾಗಿ ಉತ್ತರಹಳ್ಳಿಯಲ್ಲಿ ಇರುವವಳು, ತಂದೆಯನ್ನು ನೋಡಿಕೊಳ್ಳಲು ದಿನವೂ ಬರುತ್ತಾಳಂತೆ. ನನ್ನ ಗುರುತು ಅವಳಿಗೆ ತಕ್ಷಣ ಸಿಕ್ಕಿತು. ಒಳಗೆ ಕರೆಯಲಿಲ್ಲ. ಹೊಸ್ತಿಲಾಚೆ ನಿಂತೇ ಹೇಳಿದೆ.

"ಆ ಸಂಬಂಧ ತಪ್ಪಿದ್ದಕ್ಕೆ ನಂಗೆ ಒಂದ್ಚೂರೂ ಬೇಜಾರಿಲ್ಲ ಅಂಕಲ್" ಎಂದಳು ಅವಳು. "ನಮ್ಮಪ್ಪ ಮೂವತ್ತೈದು ವರ್ಷ ಮಕ್ಕಳಿಗೆ ಕಾಪಿ ಹೊಡೀಬೇಡಿ ಅಂತ ಹೇಳಿದೋರು. ಅಳಿಸಿ ಕೊಟ್ಟ ಮೇಷ್ಟ್ರು ಅನ್ನಿಸ್ಕೊಂಡ್ರು. ಆ ಕಡೆ ನೆಂಟರ ಮದ್ವೆಗೆಲ್ಲ ಹೋಗೋದೇ ಬಿಟ್ಟಿದ್ದಾರೆ. ಅದಕ್ಕೇನ್ ಮಾಡ್ತೀರಾ?"

ಒಳಗಿನಿಂದ ಶ್ರೀಕಂಠಯ್ಯನವರ ದನಿ ಬಂತು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಒಳಗೆ ಕರಿಯಮ್ಮ ಅವ್ರನ್ನ."

ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಳಿತಿದ್ದರು. ಕಣ್ಣು ಮುಕ್ಕಾಲು ಹೋಗಿತ್ತು. ನನ್ನ ಕಡೆಗಲ್ಲ, ನನ್ನ ದನಿ ಬಂದ ಕಡೆಗೆ ಮುಖ ಮಾಡಿ ಕೇಳಿದರು: "ಹಾಗಾದ್ರೆ ನರಹರಿ ಅಳಿಸ್ಲಿಲ್ಲ?"

"ಇಲ್ಲ ಸಾರ್."

"ಅವನಿಗೆ ಗೊತ್ತೇ ಇರ್ಲಿಲ್ಲ?"

"ಇಲ್ಲ ಸಾರ್. ಕಾಗದ ಕೊಟ್ಟಾಗ ಗೊತ್ತಿರ್ಲಿಲ್ಲ. ಆವತ್ತು ಅಲ್ಲಿದ್ದೋರಲ್ಲಿ ಕಾರಣ ಗೊತ್ತಿದ್ದೋನು ನಾನೊಬ್ಬನೇ."

ಅವರು ಪಾಠ ಹೇಳುವವರ ದನಿಯಲ್ಲಿ, "ಬಾಯಲ್ಲಿ ನೀವು ಆವತ್ತೂ ಹೇಳಿದ್ರಿ. ಈಗ ಬರೆದುಕೊಡಿ. ವೀಣಾ, ಒಂದು ಬಿಳೀ ಹಾಳೆ, ಆ ದಪ್ಪ ಸ್ಕೆಚ್ ಪೆನ್ನು ಕೊಡು. ದೊಡ್ಡ ಅಕ್ಷರದಲ್ಲಿ ಬರೀರಿ, ನಾನೇ ಓದ್ಬೇಕು. ನಾನು ಓದಿದ ಮೇಲೆ ನರಹರಿಗೆ, ಆಮೇಲೆ ಬಸವನಗುಡಿಗೆ, ಆ ಹುಡುಗನ ಮನೆಗೆ" ಎಂದರು.

ಊಟದ ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ಮೊದಲ ಸಾಲನ್ನು ಅವರ ಮುಖದ ಹತ್ತಿರ ಹಿಡಿದಾಗ, "ಇನ್ನೂ ದೊಡ್ಡದು" ಎಂದರು. ಆ ಹಾಳೆ ಬಿಟ್ಟು ಇನ್ನೊಂದರಲ್ಲಿ ಬರೆದೆ, ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು. ಜಾತಕದಿಂದ ಕುಜನನ್ನು ಯಾರೂ ಅಳಿಸಲಿಲ್ಲ. ತಪ್ಪು ಸಾಫ್ಟ್‌ವೇರಿನದು. ಅದು ಗೊತ್ತಿದ್ದೂ ಎಲ್ಲರೆದುರು ಸುಳ್ಳು ಹೇಳಿದೆ. ಜೋಯಿಸರದಾಗಲಿ ಮೇಷ್ಟ್ರದಾಗಲಿ ತಪ್ಪಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಹಾಳೆ ಅಂಚಿನವರೆಗೂ ತುಂಬಿಹೋಯಿತು. ಬರೆಯದೆ ಉಳಿದದ್ದು ಒಂದೇ ಸಾಲು, ನನ್ನ ಹೆಸರು.

ಅದು ಬಿಟ್ಟುಹೋದರೂ ಮೇಷ್ಟ್ರಿಗೆ ಗೊತ್ತಾಗುತ್ತಿರಲಿಲ್ಲ. ಬೇಕಾದದ್ದೆಲ್ಲ ಬರೆದಾಗಿತ್ತು. ವೀಣಾ ಕೈ ನೀಡಿ, "ಆಯ್ತಾ ಅಂಕಲ್?" ಎಂದಳು.

"ಇಲ್ಲಮ್ಮ" ಎಂದೆ. "ಇನ್ನೊಂದು ಹಾಳೆ ಕೊಡು."